ಅತ್ತೆ ಹಿಡಿದ ಕೈ

ಗೋವಾದ ಮ್ಹಾಪಸಾ ಊರಿನ ಶುಕ್ರವಾರದ ಸಂತೆಯ ನಟ್ಟನಡುವೆ ಅತ್ತೆ ನನ್ನ ಕೈ ಬಿಟ್ಟು ಬಸವರಾಜರ ತೋಳು ಹಿಡಿದುಕೊಂಡರು.

ಬಸವರಾಜ ನಾನು ದುಡಿಯುವ ಕಾರ್ಖಾನೆಯ ಟೆಂಪೊ ಓಡಿಸುವವರು. ಬೀಚಿಗೆ ಬರ್ತೀರಾ ಎಂದು ಕೇಳಿದ್ದರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮತ್ತು ಕಣ್ಣು ಮಂಜಾದ ಅತ್ತೆ, ಇಬ್ಬರೇ. ಅವರನ್ನು ಬಿಟ್ಟು ತಿರುಗಾಡಲು ನನಗೆ ಮನಸ್ಸಿಲ್ಲ. ‘ಶುಕ್ರವಾರ ರಜಾ ದಿನ ಅತ್ತಿನ್ನ ಕರಕೊಂಡು ಸಂತಿಗೆ ಹೋಗ್ತೇನ್ರಿ. ಭೇಟಿ ಆಗೂದಾದ್ರ ಅಲ್ಲೇ ಬರ್ರಿ’ ಎಂದಿದ್ದೆ. ಅತ್ತೆಗೂ ಮುಚ್ಚಿಡಲಿಲ್ಲ. ಬಸವರಾಜ ಬಂದೇಬಿಟ್ಟರು.

‘ನೀ ಹಿಂದಿಂದ ಬಾ ಯವ್ವಾ. ಇವ್ರು ನನ್ನ ಹೆಂಗ ನಡಸ್ತಾರ ನೋಡ್ತೇನಿ’ ಎಂದರು ಅತ್ತೆ.

ಮೀನಿನ ಬುಟ್ಟಿ, ಮೆಣಸಿನಕಾಯಿ ರಾಶಿಗಳ ನಡುವೆ ಬಸವರಾಜ ಅವರನ್ನು ಸಾವಕಾಶ ನಡೆಸಿದರು. ಅತ್ತೆ ನಿಂತಲ್ಲೆಲ್ಲ ತಾವೂ ನಿಂತರು. ನನ್ನತ್ತ ಒಮ್ಮೆಯೂ ತಿರುಗಿ ನೋಡಲಿಲ್ಲ. ಅದೇ ನನಗೆ ಹಿಡಿಸಿತು.

ಮುಂದಿನ ಶುಕ್ರವಾರ ಅತ್ತೆ ಮೊಣಕಾಲು ನೋವೆಂದು ಸಂತೆಯ ಚೀಲವನ್ನು ನನ್ನೊಬ್ಬಳ ಕೈಗೇ ಕೊಟ್ಟು ಕಳಿಸಿದರು. ತಿರುವಿನಲ್ಲಿ ಹೊರಳಿ ನೋಡಿದರೆ, ಅಂಗಳದ ತುಂಬ ಓಡಾಡುತ್ತ ಬಟ್ಟೆ ಒಣಹಾಕುತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಿ ನನಗಾಗಿ ಹೇಳಿದ ಆ ಸುಳ್ಳಿಗೆ ಇಂದಿಗೂ ಕೈ ಮುಗಿಯುತ್ತೇನೆ.