ಧಾರೆ ಎರೆಯದ ರಾಯಭಾರಿ

ಸೋದರಮಾವನ ಶ್ರದ್ಧಾಂಜಲಿ ಸಭೆಗೆಂದು ಕುಂದಾಪುರದಲ್ಲಿ ದೊಡ್ಡ ಬ್ಯಾನರ್ ಕಟ್ಟಿದ್ದರು. ‘ಊರಿನ ಹೆಮ್ಮೆಯ ರಾಜತಂತ್ರಜ್ಞ.’ ಫೋಟೊದಲ್ಲಿ ಮಾವನ ಕೈಯಲ್ಲಿ ಮೈಕು, ಹೆಗಲ ಮೇಲೆ ಶಾಲು. ಆ ಫೋಟೊ ನನ್ನ ಮದುವೆಯದು. ಮೂಲೆಯಲ್ಲಿ ಕಾಣುವ ಅರ್ಧ ಬಾಸಿಂಗ ನನ್ನದು. ನೋಡಿ ಮೈಯೆಲ್ಲ ಉರಿದುಹೋಯಿತು.

ಆಗ ಅಪ್ಪ ತೀರಿಹೋಗಿದ್ದರು. ಅಪ್ಪ ಇಲ್ಲದ ಹುಡುಗಿಗೆ ನಮ್ಮ ಮನೆಗಳಲ್ಲಿ ಸೋದರಮಾವನೇ ನಿಂತು ಧಾರೆ ಎರೆಯಬೇಕು. ಮಾವ ಪರದೇಶಗಳಲ್ಲಿ ರಾಯಭಾರಿಯಾಗಿ, ಆಮೇಲೆ ದಿಲ್ಲಿಯಲ್ಲಿ ಮಂತ್ರಿಯೂ ಆಗಿದ್ದವರು. ಅವರಿಗೆ ಬಿಡುವಿಲ್ಲವೆಂದು ಅಮ್ಮ ಮದುವೆಯನ್ನೇ ಮುಂದೂಡಿದ್ದಳು. “ಧಾರೆ ಅಣ್ಣನ ಕೈಯಗೇ ಆಯ್ಕ್” ಎಂಬ ಒಂದೇ ಹಟ.

ಬಂದರು, ಕಾರಿನ ಹಿಂದೆ ಕಾರು. ನಮ್ಮ ಊರಿನವರ ಬುದ್ಧಿಗಿಷ್ಟು! ದೊಡ್ಡ ಮನುಷ್ಯ ಸಿಕ್ಕಿದರೆ ಸಾಕು, ಅದು ಮದುವೆ ಮಂಟಪ ಎಂದೂ ನೋಡದೆ ಸನ್ಮಾನ ಮಾಡಿಬಿಡುತ್ತಾರೆ. ಸ್ವಾಗತ, ಪರಿಚಯ, ಶಾಲು, ಹಣ್ಣಿನ ಬುಟ್ಟಿ. ಧಾರೆಯ ಹೊತ್ತಿಗೆ ಸರಿಯಾಗಿ ಮಾವ ಮೈಕು ಹಿಡಿದರು. ಕಚ್ಚಾಡುತ್ತಿದ್ದ ಎರಡು ದೇಶಗಳನ್ನು ತಾವು ಹೇಗೆ ಒಂದೇ ಮೇಜಿಗೆ ಕೂರಿಸಿದರೆಂಬ ಕಥೆ. ನಾನೂ ನನ್ನ ಗಂಡನೂ ಕೈಗೆ ಕೈ ಕೊಟ್ಟು ನಿಂತೇ ಇದ್ದೇವೆ. ಅಣ್ಣನಿಗೆ ಕೊಡಲೆಂದು ಅಮ್ಮ ನೀರಿನ ಗಿಂಡಿ ಹಿಡಿದು ಪಕ್ಕದಲ್ಲಿದ್ದಳು.

“ಅಣ್ಣ, ಮಾತ್ ಸಾಕ್. ಮುಹೂರ್ತ ದಾಟತ್ತ್.”

ಮಾವ ಗಡಿಯಾರ ನೋಡಿದರು. “ನಂಗೆ ಹೊರಡ್ಕ್ ಮಾರಾಯ್ತಿ, ವಿಮಾನ ತಪ್ಪತ್ತ್. ನಮ್ ಮನಿಯರೇ ಅಲ್ದಾ, ಬೇಜಾರ್ ಮಾಡ್ಕಣ್ಬೇಡ.”

ನನ್ನ ತಲೆ ಮುಟ್ಟಿ ಹೊರಟೇ ಹೋದರು. ಪರದೇಶದವರ ಎದುರು ಕೊನೆಯ ಸಹಿ ಬೀಳುವ ತನಕ ಕುರ್ಚಿ ಬಿಟ್ಟು ಏಳದವರು ತಾವೆಂದು ಆಗಷ್ಟೇ ಭಾಷಣದಲ್ಲಿ ಹೇಳಿದ್ದರು. ಮನೆಯವರೆಂದರೆ ಅಷ್ಟು ಸಸಾರ. ಒಂದು ಗಿಂಡಿ ನೀರು ಎರೆಯುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಸನ್ಮಾನ ಮಾಡಿದವರೆಲ್ಲ ಅವರನ್ನು ಕಾರು ಹತ್ತಿಸಲು ಓಡಿದರು. ಭಟ್ಟರು ಅಮ್ಮನ ಬರಿಯ ಹಣೆ ನೋಡಿ, “ಗಂಡಸ್ರ್ ಯಾರಾರೂ ಬನ್ನಿ” ಎಂದರು. ಅಮ್ಮ ಗಿಂಡಿ ಬಿಡಲಿಲ್ಲ.

“ಮಂತ್ರ ಹೇಳಿ ಭಟ್ರೆ. ಹೆತ್ತದ್ದ್ ನಾನ್, ಎರೆಯುದೂ ನಾನೇ.”

ಅವಳು ಎರೆದ ನೀರು ನನ್ನ ಮೊಣಕೈವರೆಗೂ ಹರಿಯಿತು. ಫೋಟೊದವನೂ ಮಾವನ ಕಾರಿನ ಹಿಂದೆ ಹೋಗಿದ್ದ. ಅಮ್ಮ ಧಾರೆ ಎರೆದ ಫೋಟೊ ನಮ್ಮಲ್ಲಿ ಒಂದೂ ಇಲ್ಲ.