ಸುಮಿತ್ರಾ ಮೇಡಂ ಮತ್ತು ಮಾಂಗಾದ ಕೊನೆಯ ಪುಟ

ಹಿರೇಗುಂಟನೂರಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಸುಮಿತ್ರಾ ಮೇಡಂ, ಬೀಗ ಹಾಕಿ ಅರ್ಧ ದಾರಿ ಹೋದ ಮೇಲೆ ವಾಪಸು ಬಂದು ಬೀಗ ಜಗ್ಗಿ ನೋಡುವವರು. ಫ್ಯಾನ್ ತಿರುಗಿದರೆ ಬಿದ್ದೀತು, ನಿಂತರೆ ಕೆಟ್ಟೀತು ಎಂಬ ಚಿಂತೆ ಅವರಿಗೆ. ಆತಂಕಕ್ಕೊಂದು ಪರೀಕ್ಷೆ ಇದ್ದಿದ್ದರೆ ಪೂರ್ತಿ ಅಂಕ ಅವರಿಗೇ. ಇಷ್ಟು ವರ್ಷದ ನೌಕರಿಯಲ್ಲಿ ತಾವಾಗಿ ಏನನ್ನೂ ಶುರು ಮಾಡದೆ ಉಳಿದಿದ್ದಕ್ಕೂ ಅದೇ ಕಾರಣ. ಶುರು ಮಾಡಿದರೆ ತಾನೇ ಕೆಡುವುದು?

ಅಂಥವರನ್ನು ಒಪ್ಪಿಸಿದವಳು ಮೋನಿಕಾ. ಕುರಿ ಸಾಕುವ ಗುಡ್ಡಪ್ಪಜ್ಜನ ಮೊಮ್ಮಗಳು, ಚಿತ್ರದುರ್ಗದಲ್ಲಿ ಪಿಯುಸಿ ಓದುತ್ತಾಳೆ. ಈ ಗ್ರಂಥಾಲಯಕ್ಕೆ ಪೇಪರಿಗಲ್ಲದೆ ಪುಸ್ತಕಕ್ಕಾಗಿಯೇ ಬರುವವಳು ಅವಳೊಬ್ಬಳು. ಜಪಾನಿನ ಚಿತ್ರಕಥೆಗಳು, ಮಾಂಗಾ ಅನ್ನುತ್ತಾರಲ್ಲ, ಅಂಥ ಒಂದು ಕಥೆಯ ಎಲ್ಲ ಭಾಗಗಳೂ ಅವಳ ಹತ್ತಿರ ಇಂಗ್ಲಿಷಿನಲ್ಲಿದ್ದವು. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕೂಡಿಸಿ ಕಾಮಿಕ್ಸ್ ಕ್ಲಬ್ ಮಾಡೋಣ, ನಾನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ ಎಂದಳು.

ಪೇಪರು ಓದುತ್ತಿದ್ದ ಗುಡ್ಡಪ್ಪಜ್ಜ ಕನ್ನಡಕದ ಮೇಲಿಂದ ನೋಡಿದ. "ಸ್ತ್ರೀಶಕ್ತಿ ಸಂಘ ಐತೆ, ಹಾಲಿನ ಸಂಘ ಐತೆ. ಮಂಗನ ಸಂಘ ಒಂದು ಬಾಕಿ ಇತ್ತು ನೋಡು ಸುಮಿತ್ರವ್ವ."

"ಮಂಗ ಅಲ್ಲಜ್ಜ, ಮಾಂಗಾ."

"ಬಾಲ ಒಂದೀಟು ಉದ್ದ ಆತು, ಅಷ್ಟೇ ಬಿಡು."

ವಾರದ ನಡುವೆ ಮೋನಿಕಾ ಪುಸ್ತಕಗಳ ಚೀಲ ತಂದಿಟ್ಟಳು. ಕೊನೆಯ ಭಾಗದ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿಯೇ ಇರಲಿಲ್ಲ.

"ಇದನ್ನ ನಾನೂ ಓದಿಲ್ಲ ಮೇಡಂ. ಕ್ಲಬ್ಬು ಅಲ್ಲಿಗೆ ಮುಟ್ಟಿದ ದಿನ ಎಲ್ಲ ಸೇರ್ಕಂಡು ಓದಾಣ ಅಂತ ಇಟ್ಕಂಡೀನಿ. ಹುಷಾರು."

ಹುಷಾರು ಎಂಬ ಮಾತನ್ನು ಸುಮಿತ್ರಾ ಮೇಡಂಗೆ ಯಾರೂ ಹೇಳಬಾರದು. ಮರುದಿನ ಇಲಾಖೆಯಿಂದ ಹೊಸ ಪುಸ್ತಕಗಳ ಕಟ್ಟು ಬಂದು ಅದೇ ಮೇಜಿನ ಮೇಲೆ ಕೂತಿತು. ಮೇಡಂ ಮೈದಾ ಅಂಟು ಕಾಯಿಸಿಕೊಂಡು ಎಂದಿನ ಕೆಲಸಕ್ಕಿಳಿದರು: ಹೊದಿಕೆ ಬಿಚ್ಚು, ಮೊದಲ ಪುಟಕ್ಕೆ ಮೊಹರು ಹಾಕು, ವಾಪಸಾತಿಯ ತಾರೀಖಿನ ಚೀಟಿ ಅಂಟಿಸು, ಮುಂದಿನದನ್ನು ಎತ್ತಿಕೋ. ತಲೆಯೆಲ್ಲ ಭಾನುವಾರದ ಮೇಲಿತ್ತು. ಯಾರೂ ಬರದಿದ್ದರೆ? ತೀರಾ ಜಾಸ್ತಿ ಮಂದಿ ಬಂದರೆ? ಕೈ ಮಾತ್ರ ನಿಷ್ಠೆಯಿಂದ ಇಲಾಖೆಯ ಪುಸ್ತಕಗಳನ್ನು ಮುಗಿಸಿ, ಮೋನಿಕಾಳ ಪುಸ್ತಕಗಳನ್ನೂ ಮುಗಿಸಿತು.

ತಿಳಿದಿದ್ದು ಶನಿವಾರ, ಮೋನಿಕಾ ಫೋನು ಮಾಡಿದಾಗ. "ಮೇಡಂ, ಹುಡುಗರಿಗೆ ಮೊದ್ಲೇ ಹೇಳಿಬಿಡ್ರಿ. ಮಾಂಗಾ ಬಲದಿಂದ ಎಡಕ್ಕೆ ಓದಬೇಕು. ನಮ್ಮ ಪುಸ್ತಕದಾಗೆ ಮೊದಲ ಪುಟ ಇರೋ ಕಡೆ ಅದರ ಕೊನೆ ಇರ್ತೈತೆ."

ಮೇಡಂ ಹೂಂ ಅಂದು ಫೋನಿಟ್ಟು ಚೀಲದ ಕಡೆ ನೋಡಿದರು. ಪುಸ್ತಕಗಳು ಬೇರೆಯವರವು ಎಂಬುದು ಮೊದಲು ಹೊಳೆಯಿತು. ಮೊಹರು ಒತ್ತಿದ್ದು, ಚೀಟಿ ಅಂಟಿಸಿದ್ದು ಪ್ರತಿ ಭಾಗದ ಕೊನೆಯ ಪುಟಕ್ಕೆ ಎಂಬುದು ಆಮೇಲೆ. ಅಂಟಿನಿಂದ ನಂಟು ಬಿಡುವುದನ್ನು ಅವರು ಅಂದೇ ಕಂಡದ್ದು. ಮೋನಿಕಾ ಮುನಿಸಿಕೊಂಡು ಹೋದರೆ ಕ್ಲಬ್ಬೂ ಇಲ್ಲ, ಪುಸ್ತಕ ಕೇಳುವ ಆ ಒಬ್ಬ ಹುಡುಗಿಯೂ ಇಲ್ಲ.

ಎದುರಿಗೆ ಮುರುಗೇಶನ ಟೀ ಅಂಗಡಿ. ಮೇಡಂ ಚೀಲವನ್ನು ಅಲ್ಲಿಗೆ ಒಯ್ದು, ಕೆಟಲ್‌ನ ಹಬೆಗೆ ಹಿಡಿದು ಒಂದೊಂದೇ ಚೀಟಿ ಬಿಡಿಸಿದರು. ಚಿತ್ರದ ಮೋರೆಗಳ ಮೇಲೆ ನೇರಳೆ ಮೊಹರು ಉಳಿದರೂ ಚಿತ್ರಗಳು ಬದುಕಿದವು. ಕೊನೆಯ ಭಾಗ ಬಂದಾಗ ಮೇಡಂ ಕಣ್ಣು ಮುಚ್ಚಿಕೊಂಡರು.

"ನೀನೇ ಬಿಡಿಸು ಮುರುಗೇಶ. ಅವಳೇ ನೋಡಿಲ್ಲ, ನಾನು ನೋಡೋದು ಸರಿಯಲ್ಲ."

"ನಾ ನೋಡಬಹುದಾ?"

"ನೋಡು. ಹೇಳಬ್ಯಾಡ."

ಚೀಟಿ ಮೆಲ್ಲಗೆ ಎದ್ದಿತು. "ಬಂತು ಬಂತು," ಎಂದ ಮುರುಗೇಶ. ಮರುಕ್ಷಣ ಅವನ ದನಿ ಇಳಿಯಿತು. "ಹೋತು ಮೇಡಂ." ತೆಳು ಹಾಳೆ ನೆನೆದು ಚೀಟಿಯ ಜೊತೆಗೇ ಕಿತ್ತುಬಂದು, ಬೆರಳಿನಲ್ಲಿ ಹಿಟ್ಟಾಗಿತ್ತು.

ಭಾನುವಾರ ಮಕ್ಕಳು ಬಂದರು, ಚಾಪೆ ಸಾಲದಷ್ಟು. ಮೇಡಂ ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಎಲ್ಲರೆದುರೇ ಪುಸ್ತಕವನ್ನು ಮೋನಿಕಾಳ ಕೈಗಿತ್ತು, "ಕೊನೇ ಪುಟ ನಾನು ಹಾಳು ಮಾಡಿಬಿಟ್ಟೆ ಕಣಮ್ಮ. ಕೈ ಅಭ್ಯಾಸ," ಎಂದರು.

ಮೋನಿಕಾ ಹರಿದ ಪುಟವನ್ನು ತುಂಬ ಹೊತ್ತು ನೋಡಿದಳು. ಒಂದೊಂದೇ ಭಾಗ ಎತ್ತಿ ಚೀಲಕ್ಕೆ ತುಂಬತೊಡಗಿದಳು. ಅವಳು ಬೈದಿದ್ದರೆ ಮೇಡಂ ಬದುಕಿಕೊಳ್ಳುತ್ತಿದ್ದರು.

ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದ ಮುರುಗೇಶ ಕೆಮ್ಮಿದ. "ತಂಗಿ, ಆ ಪುಟ ನಾ ನೋಡೀನಿ."

ಚೀಲದಲ್ಲಿದ್ದ ಕೈ ನಿಂತಿತು. "ಏನಿತ್ತು?"

"ಎಲ್ಲ ಪುಸ್ತಕದಾಗೂ ಇರೋ ಆ ಉದ್ದ ಕೂದಲ ಹುಡುಗ ಒಂದು ಸೇತುವೆ ಮೇಲೆ ನಿಂತಿದ್ದ. ಒಬ್ನೇ."

"ಅಳ್ತಿದ್ನೋ, ನಗ್ತಿದ್ನೋ?"

"ಅದು ಗೊತ್ತಾಗ್ಲಿಲ್ಲ. ಹಬೆ ಇತ್ತು."

"ಅಳ್ತಿರ್ತಾನೆ, ಒಬ್ನೇ ಅದಾನಲ್ಲ," ಎಂದಿತು ಮಕ್ಕಳ ನಡುವಿನಿಂದ ಒಂದು ದನಿ. "ಯಾಕೆ, ಒಬ್ರೇ ಇದ್ರೆ ನಗಬಾರ್ದಾ?" ಎಂದಿತು ಇನ್ನೊಂದು. "ಸೇತುವೆ ಮೇಲಿಂದ ಹಾರ್ತಾನೆ." "ಲೇ, ನಿನಗೇನ್ ಗೊತ್ತು?" "ಅಕ್ಕಾ, ಅವನು ಯಾರು? ಅಲ್ಲಿಗ್ಯಾಕೆ ಹೋದ?"

"ಫೋನಲ್ಲಿ ಹುಡುಕಿದ್ರೆ ಆ ಪುಟ ಈಗ್ಲೇ ಸಿಗ್ತೈತೆ," ಎಂದಳು ಮೋನಿಕಾ.

"ಬ್ಯಾಡಕ್ಕಾ. ಮೊದ್ಲಿಂದ ಹೇಳು."

ಮೋನಿಕಾ ಚೀಲದಿಂದ ಮೊದಲ ಭಾಗ ತೆಗೆದು, ಕೂತು, ಬಲಗಡೆಯಿಂದ ತೆರೆದಳು. ಮೇಡಂ ಕಡೆ ನೋಡಲಿಲ್ಲ. ಕಥೆ ಹೇಳುವಷ್ಟು ಹೊತ್ತೂ ನೋಡಲಿಲ್ಲ. ಮೇಡಂ ಬೀರುವಿಗೆ ಬೆನ್ನು ಕೊಟ್ಟು, ಮಕ್ಕಳು ನಕ್ಕಾಗ ನಗಬಹುದೋ ಬಾರದೋ ತಿಳಿಯದೆ ಸೆರಗಿನ ಅಂಚು ಹಿಂಡುತ್ತಿದ್ದರು.

ಎಲ್ಲ ಎದ್ದು ಹೋದ ಮೇಲೆ ಮೋನಿಕಾ ಕೊನೆಯ ಭಾಗವೊಂದನ್ನೇ ಎದೆಗೆ ಅವಚಿಕೊಂಡು ಬಾಗಿಲ ತನಕ ಹೋಗಿ ನಿಂತಳು.

"ಉಳಿದವು ಇಲ್ಲೇ ಇರ್ಲಿ ಮೇಡಂ. ಏನೂ ಅಂಟಿಸ್ಬ್ಯಾಡ್ರಿ."

ಮೇಡಂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆಯಾಡಿಸಿದರು.