ಹೊರಗೋಡೆಯ ಲೌಡ್‌ಸ್ಪೀಕರ್

ನೆಯಾಫು ಊರಿನ ಥಿಯೇಟರ್ ಮುಚ್ಚಿ ಮೂವತ್ತು ವರ್ಷವಾದರೂ ಕೆಲೆಪಿಯನ್ನು ಜನ ‘ಸಿನಿಮಾ ಹೇಳುವ ಕೆಲೆಪಿ’ ಎಂದೇ ಕರೆಯುತ್ತಿದ್ದರು. ಆಗೆಲ್ಲ ಟೊಂಗಾ ದೇಶದ ನಮ್ಮ ವವಾಊ ದ್ವೀಪಕ್ಕೆ ಬರುತ್ತಿದ್ದುದು ಇಂಗ್ಲಿಷ್ ಚಿತ್ರಗಳು. ಪರದೆಯ ಪಕ್ಕ ಮೈಕ್ ಹಿಡಿದು ನಿಂತು ಎಲ್ಲರ ಮಾತನ್ನೂ ಟೊಂಗಾ ಭಾಷೆಯಲ್ಲಿ ಹೇಳಲು ಒಬ್ಬ ಬೇಕಿತ್ತು. ನಾಯಕ, ಖಳ, ಅಳುವ ತಾಯಿ, ಕೊನೆಗೆ ಕುದುರೆ ಕೂಡ ಕೆಲೆಪಿಯೇ. ನಾಯಕನ ಮಾತು ಸಪ್ಪೆ ಅನ್ನಿಸಿದರೆ ಅದನ್ನು ಪಕ್ಕಕ್ಕಿಟ್ಟು ತನ್ನದೇ ಹೇಳುತ್ತಿದ್ದ. ಊರಿನ ಬೇಕರಿಯವನ ಜಿಪುಣತನವನ್ನು ಕುದುರೆಯ ಬಾಯಲ್ಲಿ ಆಡಿಸುತ್ತಿದ್ದ. ಎಂಥ ಶನಿವಾರಗಳು ಅವು. ಒಳಗೆ ಜಾಗ ಸಾಲದೆ ಮಕ್ಕಳು ಒಬ್ಬರ ತೊಡೆಯ ಮೇಲೊಬ್ಬರು ಕೂರುತ್ತಿದ್ದರು. ದಾರಿಹೋಕರನ್ನು ಸೆಳೆಯಲೆಂದು ಮಾಲೀಕ ಹೊರಗೋಡೆಗೂ ಒಂದು ಲೌಡ್‌ಸ್ಪೀಕರ್ ತೂಗುಹಾಕಿದ್ದ.

ಎಂದೂ ಬಾರದಿದ್ದವಳು ಕೆಲೆಪಿಯ ಅಕ್ಕ ಅನಸೇನಿ. ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂತು ಸಿನಿಮಾ ನೋಡುವುದು ನಮ್ಮಲ್ಲಿ ಮರ್ಯಾದಸ್ಥರ ಮನೆಯಲ್ಲಿ ಇಲ್ಲದ ಮಾತು. ಊರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರೂ ಅಕ್ಕ ಒಮ್ಮೆಯೂ ಕೇಳಲಿಲ್ಲವಲ್ಲ ಎಂಬ ಕೊರಗು ಕೆಲೆಪಿಗೆ. ಅದನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ.

ಮನೆಮನೆಗೆ ವಿಡಿಯೋ ಬಂದು ಥಿಯೇಟರ್ ಮುಚ್ಚಿದಾಗ ಮಾಲೀಕ ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್ ಪೆಟ್ಟಿಗೆ, ಮೈಕು, ಲೌಡ್‌ಸ್ಪೀಕರನ್ನು ಅವನಿಗೇ ಕೊಟ್ಟುಹೋದ. ಕೆಲೆಪಿ ಆ ಪೆಟ್ಟಿಗೆಗೆ ಹೂವಿನ ಬಟ್ಟೆ ಹೊದಿಸಿ, ಶನಿವಾರ ಶನಿವಾರ ಒರೆಸಿ, ತಂತಿ ಸವೆದರೆ ತಂತಿ, ಫ್ಯೂಸ್ ಹೋದರೆ ಫ್ಯೂಸ್ ಬದಲಾಯಿಸಿ ಕಾಪಾಡಿಕೊಂಡು ಬಂದ. ಮಾತಾಡಲು ಸಿನಿಮಾ ಇರಲಿಲ್ಲ, ಅಷ್ಟೆ.

ಅವನಿಗೆ ಎಪ್ಪತ್ತೆರಡಾದಾಗ ಸೀಲಿಯ ಎಂಬ ಹುಡುಗಿ ಪ್ರೊಜೆಕ್ಟರ್ ಹೊತ್ತುಕೊಂಡು ಬಂದಳು.

“ಕೆಲೆಪಿ ಮಾವ, ಕೆಟ್ಟ ಟಿವಿ, ಫೋನು, ಬ್ಯಾಟರಿ ದ್ವೀಪದ ತುಂಬ ರಾಶಿ ಬೀಳ್ತಿದೆ. ಅದನ್ನ ಹೇಗೆ ಕಮ್ಮಿ ಮಾಡೋದು ಅಂತ ಮೂರು ಚಿಕ್ಕ ಸಿನಿಮಾ ತಂದಿದೀನಿ. ಮನೆಮಂದಿಯೆಲ್ಲ ನೋಡ್ಬೇಕು. ಇರೋದು ಇಂಗ್ಲಿಷಲ್ಲಿ. ನಾನು ಹೇಳಿದ್ರೆ ಎಲ್ಲ ನಿದ್ದೆ ಹೊಡೀತಾರೆ.”

“ಅದ್ರಲ್ಲಿ ಕುದುರೆ ಇದೆಯಾ?”

“ಇಲ್ಲ.”

“ಹೊಡೆದಾಟ?”

“ಒಬ್ಬ ಅಜ್ಜ ಕೂತ್ಕೊಂಡು ರೇಡಿಯೋ ರಿಪೇರಿ ಮಾಡ್ತಾನೆ.”

“ದೇವ್ರೇ ಗತಿ,” ಅಂದ ಕೆಲೆಪಿ. ಆದರೆ ಅವನ ಕೈ ಆಗಲೇ ಹೂವಿನ ಬಟ್ಟೆ ಸರಿಸುತ್ತಿತ್ತು.

ಮೊದಲ ಪ್ರದರ್ಶನ ಚರ್ಚಿನ ಸಭಾಂಗಣದಲ್ಲಿ. ಹೊರಗೆ ಕೆಸುವಿನೆಲೆಯಲ್ಲಿ ಮಾಂಸ ಕಟ್ಟುತ್ತ ಕೂತ ಹೆಂಗಸರಿಗೂ ಕೇಳಲೆಂದು ಕೆಲೆಪಿ ಲೌಡ್‌ಸ್ಪೀಕರನ್ನು ಹೊರಗೋಡೆಗೆ ಕಟ್ಟಿದ. ಪರದೆಯ ಮೇಲೆ ಸತ್ತ ಟಿವಿಗಳ ಗುಡ್ಡ ಕಂಡದ್ದೇ ತಡ, ಮೂವತ್ತು ವರ್ಷ ಕಟ್ಟಿಟ್ಟಿದ್ದ ಮಾತೆಲ್ಲ ಹೊರಗೆ ಬಂತು. ಮಂಚದ ಕೆಳಗಿನ ಹಳೇ ಫೋನುಗಳನ್ನು ದೆವ್ವ ಮಾಡಿದ, ಅವನ್ನು ಗೋಳಾಡಿಸಿದ. “ನಮ್ಮನ್ನ ಬಿಟ್ಟುಕೊಡಿ, ಮನೆ ಹಗುರ ಮಾಡ್ಕೊಳ್ಳಿ,” ಎಂದು ಅವು ಬೇಡಿದಾಗ ಮುದುಕಿಯರು ಕಣ್ಣೊರೆಸಿಕೊಂಡರು. ಅಜ್ಜ ರೇಡಿಯೋ ಬಿಚ್ಚುವ ಭಾಗ ಸಪ್ಪೆ ಅನ್ನಿಸಿ ಹಾರಿಸಿಬಿಟ್ಟ.

“ಮಾವ, ಮೊದ್ಲು ರಿಪೇರಿ ಅಂತ ಹೇಳಿ,” ಎಂದು ಸೀಲಿಯ ಅವನ ಅಂಗಿ ಜಗ್ಗಿದಳು. ಯಾರು ಕೇಳುತ್ತಾರೆ.

ನಮ್ಮಲ್ಲಿ ವರ್ಷಕ್ಕೊಮ್ಮೆ ಚರ್ಚಿನ ಕಾಣಿಕೆಯ ದಿನ ಮನೆತನಗಳ ಹೆಸರು ಕರೆದು, ಯಾರು ಏನು ಕೊಟ್ಟರೆಂದು ಎಲ್ಲರೆದುರು ಓದುವುದು ರೂಢಿ. ಸೀಲಿಯ ಕೇಳಿದ್ದು ಬರೀ ಕೆಟ್ಟ ಸಾಮಾನು. ಊರವರು ಅದನ್ನೂ ಕಾಣಿಕೆಯ ದಿನವೇ ಮಾಡಿಬಿಟ್ಟರು. ಸಿಮಿಯೋನೆಯ ಮನೆಯಿಂದ ಎರಡು ಟಿವಿ ಎಂದು ಓದಿದ್ದೇ, ಎದುರುಮನೆಯವರು ಓಡಿಹೋಗಿ ತಿರುಗುತ್ತಿದ್ದ ಫ್ಯಾನನ್ನೇ ಕಿತ್ತು ತಂದರು. ಸಿಮಿಯೋನೆ ಬಿಡುತ್ತಾನೆಯೇ? ಹೆಂಡತಿ ಬೇಡವೆಂದರೂ ಕೇಳದೆ, ಹೋದ ತಿಂಗಳು ಕೊಂಡ ಫ್ಯಾನು ತಂದಿಟ್ಟ.

ಕೆಲೆಪಿ ಅಂದು ಗೆಣಸಿನ ತೋಟಕ್ಕೆ ಹೋಗಿದ್ದ. ಮನೆಗೆ ಬಂದರೆ ಮೇಜಿನ ಮೇಲೆ ಹೂವಿನ ಬಟ್ಟೆ ಮಡಿಸಿಟ್ಟಿತ್ತು. ಆಂಪ್ಲಿಫೈಯರ್ ಇರಲಿಲ್ಲ. ಅಕ್ಕ ಬಂದು ಅದನ್ನು ಮನೆತನದ ಹೆಸರಿನಲ್ಲಿ ಕಾಣಿಕೆಗೆ ಕೊಟ್ಟುಬಿಟ್ಟಿದ್ದಳು. ನಮ್ಮಲ್ಲಿ ತಮ್ಮನ ಮನೆಯ ಯಾವ ವಸ್ತುವಿನ ಮೇಲೂ ಅಕ್ಕನಿಗೆ ಅಧಿಕಾರವಿದೆ, ಅವಳನ್ನು ಯಾಕೆಂದು ಕೇಳುವಂತಿಲ್ಲ. ಕೆಲೆಪಿ ಆ ಬಟ್ಟೆ ಹಿಡಿದು ಕೂತವನು ಊಟಕ್ಕೂ ಏಳಲಿಲ್ಲ.

ಮಾರನೆಯ ದಿನ ಸೀಲಿಯ ಬಂದಳು. “ಮಾವ, ಅರ್ಧಕ್ಕರ್ಧ ಚೆನ್ನಾಗೇ ನಡೀತಿರೋ ಸಾಮಾನು. ಸೋಮವಾರ ಕಸ ಸಾಗಿಸೋ ಹಡಗಿಗೆ ಹಾಕಿದ್ರೆ ಎಲ್ರೂ ಹೊಸದು ಕೊಂಡ್ಕೋತಾರೆ. ಕಸ ಕಮ್ಮಿ ಮಾಡೋಕೆ ಬಂದು ನಾನೇ ಜಾಸ್ತಿ ಮಾಡ್ದಂಗಾಯ್ತು.”

“ವಾಪಸ್ ತಗೊಳ್ಳಿ ಅಂತ ಹೇಳು.”

“ಹೇಳ್ದೆ. ಕೊಟ್ಟಿದ್ದನ್ನ ವಾಪಸ್ ತಗೊಂಡು ಯಾರು ಮರ್ಯಾದೆ ಕಳ್ಕೋತಾರೆ ಅಂದ್ರು. ನೀವು ತಗೊಳ್ತೀರಾ?”

ಕೆಲೆಪಿ ಮಡಿಸಿದ್ದ ಬಟ್ಟೆಯನ್ನೇ ಮತ್ತೆ ಮಡಿಸಿದ. ತಪ್ಪು ತನ್ನ ನಾಲಿಗೆಯದು ಎಂದು ಅವನಿಗೆ ಗೊತ್ತಿತ್ತು. ಶನಿವಾರ ಇನ್ನೊಮ್ಮೆ ತೋರಿಸು, ಈ ಸಲ ಸರಿಯಾಗಿ ಹೇಳುತ್ತೇನೆ ಎಂದಷ್ಟೇ ಅಂದ.

ಶನಿವಾರ ಸಂಜೆ ಸಭಾಂಗಣ ತುಂಬಿತು. ಕೊಟ್ಟ ಸಾಮಾನೆಲ್ಲ ಹಿಂದಿನ ಗೋಡೆಗೆ ಒಟ್ಟಿತ್ತು, ಆಂಪ್ಲಿಫೈಯರ್ ಅದರ ತುದಿಯಲ್ಲಿ. ಲೌಡ್‌ಸ್ಪೀಕರ್ ಮೊನ್ನೆ ಕಟ್ಟಿದಲ್ಲೇ ಹೊರಗೋಡೆಯಲ್ಲಿತ್ತು. ಕೆಲೆಪಿ ಬರಿಗಂಟಲಲ್ಲಿ ಶುರುಮಾಡಿದ. ಹತ್ತು ನಿಮಿಷಕ್ಕೆ ದನಿ ಬಿದ್ದುಹೋಯಿತು.

“ಜೋರಾಗಿ ಹೇಳಪ್ಪ, ಇಲ್ಲಿಗೆ ಏನೂ ಕೇಳ್ತಿಲ್ಲ,” ಎಂದರು ಹಿಂದಿನವರು. ಅವನು ಕೆಮ್ಮಿದ. ಅಜ್ಜ ಪರದೆಯ ಮೇಲೆ ತನ್ನಷ್ಟಕ್ಕೆ ರೇಡಿಯೋ ಬಿಚ್ಚುತ್ತಿದ್ದ.

ಆಗ ಕಿಟಕಿಯಾಚೆಯಿಂದ ಅನಸೇನಿಯ ದನಿ ಬಂತು. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು, ಒಳಗೆ ಇಣುಕಲಿಲ್ಲ.

“ಕೆಲೆಪಿ, ಈ ಲೌಡ್‌ಸ್ಪೀಕರಿಗೆ ಏನಾಗಿದೆಯೋ? ಉಸಿರೇ ಇಲ್ಲ.”

“ಅದರ ಪೆಟ್ಟಿಗೇನ ನೀವು ಕೊಟ್ಬಿಟ್ರಲ್ಲ ಅಕ್ಕ.”

“ಪೆಟ್ಟಿಗೆ ಇಲ್ದೆ ಇದು ಮಾತಾಡಲ್ವಾ?”

“ಇಲ್ಲ ಅಕ್ಕ.”

ಗೋಡೆಯಾಚೆ ಅನಸೇನಿ ಲೊಚಗುಟ್ಟಿದಳು. “ಮೊನ್ನೆ ಕೊಡಿ ಕೊಡಿ ಅಂತ ಅಷ್ಟು ಚೆನ್ನಾಗಿ ಕೇಳ್ಕೊಂಡೆಯಲ್ಲ, ಅದಕ್ಕೆ ಮನೇಲಿ ಇದ್ದಿದ್ರಲ್ಲಿ ದೊಡ್ಡದನ್ನೇ ಕೊಟ್ಟೆ. ಇದು ಮೂಕ ಆಗುತ್ತೆ ಅಂತ ನಂಗೇನು ಗೊತ್ತು. ಶನಿವಾರ ಶನಿವಾರ ಥಿಯೇಟರ್ ಎದುರಿನ ಅಂಗಡಿ ಜಗಲೀಲಿ ಚಾಪೆ ಹೆಣೀತಾ ಇದರ ಮಾತೇ ಕೇಳ್ತಿದ್ದೆ. ನೀನು ಕುದುರೆ ಬಾಯಲ್ಲಿ ಬೇಕರಿಯವನ್ನ ಬೈಸಿದ ದಿನ ನಕ್ಕು ನಕ್ಕು ಒಂದು ಚಾಪೆ ಪೂರ್ತಿ ಸೊಟ್ಟಗಾಯ್ತು.”

ಕೆಲೆಪಿ ಪರದೆಯ ಕಡೆ ತಿರುಗಿ ನಿಂತ. ಎಪ್ಪತ್ತೆರಡರ ಮುದುಕ ಅಳುವುದನ್ನು ಊರು ನೋಡುವುದು ಅವನಿಗೆ ಬೇಕಿರಲಿಲ್ಲ.

“ಕೊಟ್ಟೋಳು ನಾನು, ವಾಪಸ್ ತಗೊಳ್ಳೋಳೂ ನಾನೇ,” ಅಂದಳು ಅನಸೇನಿ. “ಯಾರಿಗಾದ್ರೂ ನಗು ಬಂದ್ರೆ ಹೊರಗೆ ಬಂದು ನನ್ನೆದುರು ನಗಲಿ.”

ಯಾರೂ ಹೊರಗೆ ಹೋಗಲಿಲ್ಲ. ಸಿಮಿಯೋನೆ ಎದ್ದು ಆಂಪ್ಲಿಫೈಯರ್ ಇಳಿಸಿ ತಂದ. ಬರುವಾಗ ಕಂಕುಳಲ್ಲಿ ತನ್ನ ಹೊಸ ಫ್ಯಾನೂ ಇತ್ತು. ಅದನ್ನು ಕಂಡು ಎದುರುಮನೆಯವರೂ ಎದ್ದರು.

ಆಂಪ್ಲಿಫೈಯರ್ ಗುಂಯ್ ಎಂದು ಎಚ್ಚೆತ್ತಿತು. ಚಿತ್ರವನ್ನು ಸೀಲಿಯ ಮತ್ತೆ ಮೊದಲಿನಿಂದ ಹಾಕಿದಳು. ಅಜ್ಜ ಬಂದ, ರೇಡಿಯೋದ ಬೆನ್ನು ಬಿಚ್ಚಿದ. ಕೆಲೆಪಿ ಮೈಕನ್ನು ಬಾಯಿಗೆ ಹಿಡಿದು ರೇಡಿಯೋದ ದನಿಯಲ್ಲಿ ಹೇಳಿದ: “ನಾನು ಸತ್ತಿಲ್ಲ ಕಣಯ್ಯ, ಒಂದು ತಂತಿ ಕಡಿದಿದೆ ಅಷ್ಟೆ. ಅಷ್ಟಕ್ಕೇ ಹೂಳೋಕೆ ಹೊರಟ್ಯಾ?”

ಸಭೆಯೆಲ್ಲ ನಕ್ಕಿತು. ಅವನಿಗೆ ಅದು ಸಾಲಲಿಲ್ಲ. ಚಿತ್ರದಲ್ಲಿ ಕುದುರೆ ಇರಲಿಲ್ಲ, ನಿಜ. ಅಜ್ಜ ತಂತಿ ಕೂಡಿಸಿದ್ದೇ ಕೆಲೆಪಿ ಆ ರೇಡಿಯೋವೇ ಕುದುರೆಯ ಹಾಗೆ ಕೆನೆಯುವಂತೆ ಮಾಡಿದ. ಗೋಡೆಯಾಚೆ ಅಕ್ಕ ನಕ್ಕಿದ್ದು ಅವನಿಗೆ ಕೇಳಿಸಿತು.